ಅಂಗೈ ಮೇಲಾಗಿ ನಿಂತ ಮುಂಗೈ: ಶಸ್ತ್ರಚಿಕಿತ್ಸೆಯ ಸಾಧನೆ ಮತ್ತು ಮಿತಿ

ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡು ಕುತ್ತಿಗೆ ಜಗ್ಗಿದರೆ ತೋಳಿನ ನರಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ಗೆ ಪೆಟ್ಟಾಗಬಹುದು. ಬಹಳಷ್ಟು ಮಕ್ಕಳು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಪೆಟ್ಟು ನರಜಾಲದ ಕೆಳಭಾಗಕ್ಕೂ ತಟ್ಟಿದ ಕೆಲವರಲ್ಲಿ ಅಂಗೈ ಆಕಾಶ ನೋಡುತ್ತ ನಿಂತುಬಿಡುತ್ತದೆ. ಮೊಣಕೈ ಮಡಿಸುವ ಬೈಸೆಪ್ಸ್‌ಗೆ ಬಲ ಮರಳಿರುತ್ತದೆ. ಅಂಗೈಯನ್ನು ಮೇಲಕ್ಕೆ ಹೊರಳಿಸುವುದೂ ಅದರದೇ ಕೆಲಸ. ಎದುರು ಎಳೆಯಬೇಕಾದ ಪ್ರೊನೇಟರ್ ಸ್ನಾಯುಗಳು ಸೋತಿರುತ್ತವೆ. ಕಾಲ ಕಳೆದಂತೆ ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಬಿಗಿಯುತ್ತದೆ, ರೇಡಿಯಸ್ ಮೂಳೆಯ ತಲೆ ಕೀಲಿನಿಂದ ಜಾರುವುದೂ ಉಂಟು.

ಅರ್ಜೆಂಟೀನಾದ ಎಡ್ವಾರ್ಡೊ ಝಂಕೋಲಿ 1967ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಈ ಅಂಗವಿಕಾರದ ಶಸ್ತ್ರಚಿಕಿತ್ಸೆಯ ತಳಹದಿ. ಬೈಸೆಪ್ಸ್‌ನ ಸ್ನಾಯುರಜ್ಜುವನ್ನು ಉದ್ದಕ್ಕೆ ಝಡ್ ಆಕಾರದಲ್ಲಿ ಸೀಳಿ, ಕೆಳತುಂಡನ್ನು ರೇಡಿಯಸ್‌ನ ಕುತ್ತಿಗೆಗೆ ಹಿಂದಿನಿಂದ ಸುತ್ತಿಸಿ ಹೊರಬದಿಗೆ ತಂದು ಮೇಲ್ತುಂಡಿಗೆ ಹೊಲಿಯುತ್ತಾರೆ. ಅಂಗೈಯನ್ನು ಮೇಲಕ್ಕೆ ಹೊರಳಿಸುತ್ತಿದ್ದ ಸ್ನಾಯುವೇ ಈಗ ಅದನ್ನು ಕೆಳಕ್ಕೆ ಹೊರಳಿಸುತ್ತದೆ. ಅಂಗವಿಕಾರಕ್ಕೆ ಕಾರಣವಾದ ಬಲವನ್ನೇ ದುಡಿಸಿಕೊಳ್ಳುವ ಈ ಯೋಚನೆ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಇದು ಫಲಿಸಲು ಬೈಸೆಪ್ಸ್ ಗಟ್ಟಿಯಾಗಿರಬೇಕು, ವೈದ್ಯರು ಕೈಹಿಡಿದು ತಿರುಗಿಸಿದರೆ ಮುಂಗೈ ತಿರುಗಬೇಕು. ಪೊರೆ ಬಿಗಿದಿದ್ದರೆ ಮೊದಲು ಅದನ್ನು ಬಿಡಿಸಬೇಕು. ರೇಡಿಯಸ್‌ನ ಕುತ್ತಿಗೆಯನ್ನೇ ಬಳಸಿಹೋಗುವ ನರವೊಂದಿದೆ. ಅದಕ್ಕೆ ಗಾಯವಾದರೆ ಬೆರಳು ಬಿಡಿಸುವ ಶಕ್ತಿಯೇ ಹೋದೀತು.

ಮುಂಗೈ ಪೂರ್ತಿ ಸೆಟೆದಿದ್ದರೆ ಮೂಳೆ ಕತ್ತರಿಸಿ, ತಿರುಗಿಸಿ ಕೂಡಿಸುವುದು ಸಾಮಾನ್ಯ ದಾರಿ. ಫಲಿತಾಂಶ ಕಣ್ಣಿಗೆ ಕೂಡಲೇ ಕಾಣುತ್ತದೆ. ಆದರೆ ಸ್ನಾಯುಗಳ ಅಸಮತೋಲ ಹಾಗೇ ಉಳಿಯುವುದರಿಂದ, ಬೆಳೆಯುವ ಮಗುವಿನಲ್ಲಿ ಮೂಳೆ ಮತ್ತೆ ಹಳೆಯ ಭಂಗಿಗೆ ಹೊರಳುವ ಸಂಭವವಿದೆ.

ಎರಡೂ ವಿಧಾನಗಳ ಬಗ್ಗೆ ಬಂದಿರುವ ವರದಿಗಳು ಹೆಚ್ಚಾಗಿ ಒಂದೊಂದೇ ಆಸ್ಪತ್ರೆಯ, ಕೆಲವೇ ಮಕ್ಕಳ ಹಿನ್ನೋಟಗಳು. ಅವು ಯಶಸ್ಸನ್ನು ಮುಖ್ಯವಾಗಿ ಮುಂಗೈ ತಿರುಗಿದ ಡಿಗ್ರಿಯಲ್ಲಿ ಅಳೆಯುತ್ತವೆ, ದಿನಬಳಕೆಯ ಕೆಲಸದಲ್ಲಲ್ಲ. ದೊಡ್ಡ ಕೊರತೆ ಇದೇ. ಬರೆಯುವಾಗ ಕಾಗದ ಒತ್ತಿ ಹಿಡಿಯಲು, ಕೀಲಿಮಣೆ ಒತ್ತಲು ಅಂಗೈ ಕೆಳಮುಖವಾಗಬೇಕು. ತಟ್ಟೆಯ ಅನ್ನ ಕಲಸಲೂ ಹಾಗೆಯೇ. ಕಲಸಿದ ತುತ್ತು ಬಾಯಿಗೆ ಬರಲು ಮಾತ್ರ ಅಂಗೈ ಮತ್ತೆ ಮೇಲಕ್ಕೆ ಹೊರಳಬೇಕು. ಕೈಯಿಂದ ಉಣ್ಣುವ ನಾಡಿನಲ್ಲಿ ಅತಿಯಾಗಿ ತಿದ್ದಿದ ಮುಂಗೈ ಹೊಸ ತೊಡಕು. ಮಣಿಕಟ್ಟನ್ನು ಎತ್ತುವ ಸ್ನಾಯು ದುರ್ಬಲವಾಗಿದ್ದರಂತೂ ತಿರುಗಿಸಿದ ಕೈ ಜೋತುಬೀಳುತ್ತದೆ.

ಈ ಶಸ್ತ್ರಚಿಕಿತ್ಸೆ ಕೈಯ ನಿಲುವನ್ನು ಬದಲಿಸುತ್ತದೆ, ಸತ್ತ ನರಕ್ಕೆ ಜೀವ ತುಂಬುವುದಿಲ್ಲ. ಬೆರಳುಗಳಲ್ಲಿ ಹಿಡಿತವೇ ಇಲ್ಲದ ಮಗುವಿಗೆ ಅದರ ಲಾಭ ಬಹುಮಟ್ಟಿಗೆ ನೋಟಕ್ಕೆ ಸೀಮಿತವೆಂಬುದನ್ನು ತಂದೆತಾಯಿಗೆ ಶಸ್ತ್ರಕ್ರಿಯೆಗೆ ಮೊದಲೇ ಬಿಡಿಸಿ ಹೇಳಬೇಕು.