ನಾಲ್ಕು ಗೋಡೆಗಳ ಆಟ

'ಸ್ಕ್ವಾಷ್ ಕಲಿಸುತ್ತೇನೆ' ಎಂದರೆ ನಮ್ಮ ಊರಿನಲ್ಲಿ ಈಗಲೂ ಕೆಲವರು, 'ನಿಂಬೆಹಣ್ಣಿನದೋ, ಕಿತ್ತಳೆಯದೋ?' ಎಂದು ಕೇಳುವುದುಂಟು. ಬಾಟಲಿಯಲ್ಲಿ ತುಂಬಿಡುವ ಷರಬತ್ತಿನ ಹೆಸರೂ ಅದೇ ಆದ್ದರಿಂದ ಅವರನ್ನು ದೂರುವಂತಿಲ್ಲ. ನಾನು ಕಲಿಸುವುದು ಆಟ. 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದು ಕೋಣೆ. ನಾಲ್ಕೂ ಕಡೆ ಗೋಡೆ. ಟೆನಿಸ್‌ನಲ್ಲಿ ಎದುರಾಳಿ ಬಲೆಯ ಆಚೆಗಿರುತ್ತಾಳೆ. ಇಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಗೋಡೆಗೆ ಮುಖ ಮಾಡಿ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಆಡಬೇಕು. ಕೂಡುಕುಟುಂಬದ ಅಡಿಗೆಮನೆಯಲ್ಲಿ ಓಡಾಡಿದವರಿಗೆ ಈ ಕಷ್ಟ ಬೇಗ ಅರ್ಥವಾದೀತು.

ನಮ್ಮ ಕ್ಲಬ್ಬಿನಲ್ಲಿರುವುದು ಎರಡೇ ಕೋರ್ಟು. ಎಂಟರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ಕಲಿಯಲು ಬರುತ್ತಾರೆ. ದಿನವೂ ಅವರ ಆಟ ನೋಡುವ ನನಗೂ, ಮೇಲಿನ ಗ್ಯಾಲರಿಯಲ್ಲಿ ಕೂತು ನೋಡುವ ತಂದೆತಾಯಿಯರಿಗೂ ಅಭಿಪ್ರಾಯ ಕೂಡುವುದು ಅಪರೂಪ. ಆ ಭಿನ್ನಾಭಿಪ್ರಾಯವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾಲರಿಯಿಂದ ಚಪ್ಪಾಳೆ ಬೀಳುವುದು ಜೋರಾಗಿ ಹೊಡೆದವರಿಗೆ. ಹನ್ನೆರಡು ವರ್ಷದ ಹುಡುಗನೊಬ್ಬನಿದ್ದಾನೆ. ತೋಳಿನಲ್ಲಿ ಬಲವಿದೆ, ಅವನು ಹೊಡೆದ ಸದ್ದು ಕ್ಯಾಂಟೀನಿನವರೆಗೂ ಕೇಳುತ್ತದೆ. ಆದರೆ ಹೊಡೆದವನು ಅಲ್ಲೇ ನಿಂತು ತನ್ನ ಹೊಡೆತದ ಅಂದವನ್ನು ತಾನೇ ನೋಡುತ್ತಾನೆ. ಅವನ ಜೊತೆ ಆಡುವ ಹುಡುಗಿಗೆ ಹನ್ನೊಂದು. ಅವಳ ಹೊಡೆತಕ್ಕೆ ಸದ್ದಿಲ್ಲ. ಚೆಂಡು ಪಕ್ಕದ ಗೋಡೆಯನ್ನು ಸವರಿಕೊಂಡು ಹಿಂದಿನ ಮೂಲೆಗೆ ಹೋಗಿ ಬೀಳುತ್ತದೆ. ಅದು ಅಲ್ಲಿಗೆ ತಲುಪುವಷ್ಟರಲ್ಲಿ ಅವಳು ಕೋರ್ಟಿನ ನಡುವೆ ಗೆರೆಗಳು ಕೂಡುವ 'ಟೀ' ಎಂಬ ಜಾಗಕ್ಕೆ ಮರಳಿ, ಕತ್ತು ಹೊರಳಿಸಿ ಹಿಂದೆ ನೋಡುತ್ತಿರುತ್ತಾಳೆ. ಚೆಂಡು ಎರಡು ಸಲ ನೆಲಕ್ಕೆ ಬಿದ್ದ ಮೇಲೆ ತಾನು ಹೊಡೆದಿದ್ದರೆ, ಯಾರೂ ಕೇಳುವ ಮೊದಲೇ ಹೇಳಿ ಪಾಯಿಂಟು ಬಿಟ್ಟುಕೊಡುತ್ತಾಳೆ.

'ಹುಡುಗ ಚುರುಕು, ನಮ್ಮವಳು ಸ್ವಲ್ಪ ಮಂದ ಅಲ್ಲವೇ ಮೇಡಂ?' ಎಂದು ಅವಳ ತಾಯಿಯೇ ನನ್ನನ್ನು ಕೇಳಿದರು. ನಾನು ಒಪ್ಪಲಿಲ್ಲ. ಈ ಆಟದ ಜಾಣತನವಿರುವುದು ಎರಡು ಹೊಡೆತಗಳ ನಡುವಿನ ಹೆಜ್ಜೆಗಳಲ್ಲಿ. ಬಲ ಹದಿನೈದಕ್ಕೋ ಹದಿನಾರಕ್ಕೋ ಎಲ್ಲರಿಗೂ ಬರುತ್ತದೆ. ನಡುವಿನ ಜಾಗಕ್ಕೆ ಮರಳುವ ಅಭ್ಯಾಸ ಚಿಕ್ಕಂದಿನಲ್ಲಿ ಬರದಿದ್ದರೆ ಮುಂದೆ ಬರುವುದು ಬಹಳ ಕಷ್ಟ.

ಇನ್ನೊಂದು ತಕರಾರು ಚೆಂಡಿನದು. ಸ್ಕ್ವಾಷ್ ಚೆಂಡು ಟೊಳ್ಳು ರಬ್ಬರಿನದು. ಹೊಡೆದು ಹೊಡೆದು ಬಿಸಿಯಾದ ಮೇಲೆಯೇ ಅದು ಸರಿಯಾಗಿ ಪುಟಿಯುವುದು. ದೊಡ್ಡ ಪಂದ್ಯಗಳಲ್ಲಿ ಬಳಸುವ, ಎರಡು ಹಳದಿ ಚುಕ್ಕಿಯ ಚೆಂಡನ್ನು ಬಿಸಿ ಮಾಡುವಷ್ಟು ಶಕ್ತಿ ಎಳೆಯ ಮಕ್ಕಳ ಕೈಗಿರುವುದಿಲ್ಲ. ಅವರಿಗೆಂದು ಚೆನ್ನಾಗಿ ಪುಟಿಯುವ ನೀಲಿ ಚುಕ್ಕಿಯ, ಕೆಂಪು ಚುಕ್ಕಿಯ ಚೆಂಡುಗಳಿವೆ. ಅವನ್ನು ಕೊಟ್ಟರೆ, 'ನನ್ನ ಮಗನಿಗೆ ಯಾಕೆ ಮಕ್ಕಳ ಚೆಂಡು?' ಎಂಬ ಆಕ್ಷೇಪ. ಮಗನಿಗೆ ಎಂಟು ವರ್ಷ! ಅಡಿಗೆ ಕಲಿಯಲು ಬಂದವಳ ಕೈಗೆ ಮೊದಲ ದಿನವೇ ಮದುವೆಮನೆಯ ಕೊಪ್ಪರಿಗೆ ಕೊಡುತ್ತೇವೆಯೇ?

ಈ ಆತುರಕ್ಕೆ ಈಚೆಗೆ ಹೊಸ ಕಾರಣವೂ ಸಿಕ್ಕಿದೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸ್ಕ್ವಾಷನ್ನು ಸೇರಿಸಿತು. ಬಹಳ ವರ್ಷ ಕಾದ ಆಟಕ್ಕೆ ಇದು ಹಬ್ಬವೇ ಸರಿ. ಆದರೆ ಅಂದಿನಿಂದ ಮಗುವನ್ನು ಸೇರಿಸುವ ದಿನವೇ, 'ಒಲಿಂಪಿಕ್ಸ್‌ಗೆ ಎಷ್ಟು ವರ್ಷ ಬೇಕಾದೀತು?' ಎಂದು ಕೇಳುವವರು ಬರತೊಡಗಿದ್ದಾರೆ. ಮಗುವಿಗೆ ಇನ್ನೂ ಷೂ ಲೇಸು ಕಟ್ಟಿಕೊಳ್ಳಲು ಬರುವುದಿಲ್ಲ.

ಇವೆಲ್ಲ ಸಣ್ಣ ದೂರುಗಳು. ದೊಡ್ಡ ದೂರು ಬೇರೆ ಇದೆ. ಹತ್ತು ವರ್ಷದವರ ಗುಂಪಿನಲ್ಲಿ ಹುಡುಗಿಯರೂ ಹುಡುಗರೂ ಹೆಚ್ಚುಕಡಿಮೆ ಸಮ. ಹದಿನೈದರ ಗುಂಪಿಗೆ ಬರುವಾಗ ನನ್ನ ಮುಂದೆ ಉಳಿಯುವ ಹುಡುಗಿ ಒಬ್ಬಳೋ ಇಬ್ಬರೋ. ಉಳಿದವರು ಬೇಸರವಾಗಿ ಬಿಟ್ಟವರಲ್ಲ. ಒಂದು ಮನೆಯಲ್ಲಿ ಹತ್ತನೇ ಕ್ಲಾಸು, ಇನ್ನೊಂದು ಮನೆಯಲ್ಲಿ 'ಚಡ್ಡಿ ಹಾಕಿಕೊಂಡು ಓಡಾಡುವ ವಯಸ್ಸೇ ಇದು?' ಎಂಬ ಅಜ್ಜಿಯ ಮಾತು, ಮತ್ತೊಂದರಲ್ಲಿ 'ಕತ್ತಲಾಗುತ್ತದೆ'. ಅದೇ ಮನೆಯ ತಮ್ಮ ಮಾತ್ರ ಬರುತ್ತಲೇ ಇರುತ್ತಾನೆ. ಅವನಿಗೂ ಹತ್ತನೇ ಕ್ಲಾಸು ಬರುತ್ತದೆ, ಅವನಿಗೂ ಕತ್ತಲಾಗುತ್ತದೆ.

ತಪ್ಪು ಮನೆಯವರದು ಮಾತ್ರವಲ್ಲ. ಕ್ಲಬ್ಬು ಮಕ್ಕಳಿಗೆ ಬಿಟ್ಟುಕೊಟ್ಟಿರುವುದು ಮಧ್ಯಾಹ್ನ ಮೂರರಿಂದ ಐದು. ಪ್ರೈಮರಿಯವರಿಗೆ ಅದು ಸಾಕು. ಹೈಸ್ಕೂಲಿನ ಹುಡುಗಿ ಮನೆ ಸೇರುವುದೇ ಐದಕ್ಕೆ. ಐದರ ನಂತರದ ಕೋರ್ಟು ದೊಡ್ಡ ಸದಸ್ಯರದು. ಹುಡುಗರು ಅವರ ನಡುವೆ ಹೇಗೋ ನುಸುಳಿ ಆಡುತ್ತಾರೆ, ಹುಡುಗಿಯರು ನುಸುಳುವುದಿಲ್ಲ. ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆಂದು ಕೋಣೆಯೂ ಇಲ್ಲ. ಹೀಗಿಟ್ಟುಕೊಂಡು, 'ಹುಡುಗಿಯರಿಗೆ ಆಸಕ್ತಿ ಇಲ್ಲ' ಎಂದು ವರದಿ ಬರೆಯುವುದು ಸುಲಭ.

ಜೋಶ್ನಾ ಚಿನ್ನಪ್ಪ ಅವರ ಹೆಸರು ನೀವು ಕೇಳಿರಬಹುದು. ಹುಟ್ಟಿದ್ದು ಚೆನ್ನೈ, ಮನೆತನ ಕೊಡಗಿನದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಂಧುಗಳು. ಆಕೆ 2000ದಲ್ಲಿ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆದಾಗ ವಯಸ್ಸು ಹದಿನಾಲ್ಕು. 1977ರಿಂದ 1992ರವರೆಗೆ ಸತತ 16 ಬಾರಿ ಗೆದ್ದಿದ್ದ ಭುವನೇಶ್ವರಿ ಕುಮಾರಿ ಅವರ ದಾಖಲೆಯನ್ನು 2019ರಲ್ಲಿ ಮುರಿದರು. ನಮ್ಮ ಹುಡುಗಿಯರು ರಾಕೆಟ್ಟನ್ನು ಅಟ್ಟಕ್ಕೇರಿಸುವ ವಯಸ್ಸು, ಆಕೆ ದೇಶಕ್ಕೆ ಗೊತ್ತಾದ ವಯಸ್ಸು. ಮನೆಯಲ್ಲಿ ತಂದೆಯೇ ಆಟಗಾರರಾಗಿದ್ದದ್ದು ಅವರ ಭಾಗ್ಯ ಎನ್ನುವಿರಾದರೆ ಒಪ್ಪುತ್ತೇನೆ. ಎಲ್ಲರೂ ಜೋಶ್ನಾ ಆಗಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಆಟ ತನಗೆ ಬೇಕೋ ಬೇಡವೋ ಎಂದು ಹುಡುಗಿ ತಾನೇ ತಿಳಿಯುವ ಮೊದಲೇ ಬೇರೆಯವರು ಬಾಗಿಲು ಹಾಕಬಾರದು.

ಕೇಳಿದರೆ ಏನು ಸಿಗುತ್ತದೆ ಎಂದು ಹತಾಶರಾಗುವವರಿಗೆ ದೀಪಿಕಾ ಪಳ್ಳಿಕಲ್ ಅವರ ಉದಾಹರಣೆ ಇದೆ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಡಬಲ್ಸ್‌ನಲ್ಲಿ ಜೋಶ್ನಾ ಜೊತೆ ಚಿನ್ನ ಗೆದ್ದವರು ಅವರು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರ ಬಹುಮಾನದ ಹಣ ಗಂಡಸರದಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಕೆಲವು ವರ್ಷ ಅಲ್ಲಿ ಆಡಲೇ ಇಲ್ಲ. 2016ರಲ್ಲಿ ಬಹುಮಾನ ಸಮವಾಯಿತು. ಬಂದು ಆಡಿದರು, ಗೆದ್ದರು.

ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ವಾರಕ್ಕೆ ಮೂರು ದಿನ, ಸಂಜೆ ಐದೂವರೆಯಿಂದ ಆರೂವರೆ, ಒಂದು ಕೋರ್ಟು ಹೈಸ್ಕೂಲಿನ ಹುಡುಗಿಯರಿಗೆ. ಚಿಲಕವಿರುವ ಒಂದು ಕೋಣೆ. ಕಮಿಟಿಗೆ ಅರ್ಜಿ ಬರೆದಾಗಿದೆ. 'ತಾಯಂದಿರು ಯಾರೂ ಕೇಳಿಲ್ಲವಲ್ಲ' ಎಂಬ ಉತ್ತರ ಬಂದಿದೆ. ಸದ್ದಿಲ್ಲದೆ ಆಡುವ ಆ ಹುಡುಗಿಗೆ ಬರುವ ಜೂನಿನಲ್ಲಿ ಹನ್ನೆರಡು ತುಂಬುತ್ತದೆ. ಅವಳ ಹೈಸ್ಕೂಲಿಗೆ ಇನ್ನೆಷ್ಟು ದಿನ? ಅವಳ ತಾಯಿಗೆ ಅರ್ಜಿಯ ಪ್ರತಿಯೊಂದನ್ನು ಕೊಟ್ಟಿದ್ದೇನೆ. ಸಹಿ ಮಾಡಲು ಕೆಳಗೆ ಜಾಗ ಬಿಟ್ಟಿದ್ದೇನೆ.