ವಿನಾಪೋಟಿಯ ಕಸುಬು: ಮಹಾಕೂಟದ ಕಂಬ ಹೇಳುವುದೆಷ್ಟು?

ಮಹಾಕೂಟೇಶ್ವರ ದೇವಾಲಯದ ಕಂಬದ ಮುಂದೆ ನಿಂತು ನಾನೊಮ್ಮೆ ಸುಳ್ಳು ಹೇಳಿದ್ದೇನೆ. ಹದಿನೈದು ವರ್ಷದ ಹಿಂದಿನ ಮಾತು. ಹಳಗನ್ನಡ ಲಿಪಿ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಾದಾಮಿ ಸುತ್ತಿ ಅಲ್ಲಿಗೆ ಹೋಗಿದ್ದೆ. ಒಬ್ಬ ಹುಡುಗಿ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂಡಿಸಿಕೊಂಡು ಓದುತ್ತಿದ್ದಳು. ‘ಪ್ರಾಣವಲ್ಲಭೆ’ ಸರಿಯಾಗಿ ಬಂತು, ‘ವಿನಾಪೋಟಿಗಳ್’ ಬಂತು, ಮುಂದಿನ ಪದವನ್ನು ಜೋರಾಗಿ ಓದಿಬಿಟ್ಟಳು: ‘ಸೂಳೆಯರ್’. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನಾನು ಅವಸರದಲ್ಲಿ, “ಅದನ್ನ ಬಿಡಮ್ಮ, ರಾಣಿ ಅಂತ ಬರ್ಕೊಳ್ಳಿ ಎಲ್ರೂ” ಎಂದೆ. ಅವಳು ಬಿಡಲಿಲ್ಲ. “ಸರ್, ನಮ್ಮೂರಾಗ ಇದು ಬೈಗುಳ ರೀ. ಇಲ್ಲಿ ಯಾಕ ಬಹುವಚನ ಹಚ್ಯಾರ?” ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಅಂದೆ.

ಆ ಪ್ರಶ್ನೆ ಮತ್ತೆ ನೆನಪಾಗಿದ್ದು ಈಚೆಗೆ, ಲೈಂಗಿಕ ವೃತ್ತಿಯನ್ನು ಕೆಲಸ ಎನ್ನಬೇಕೇ ಬೇಡವೇ ಎಂಬ ಚರ್ಚೆಯೊಂದರಲ್ಲಿ. ಎರಡೂ ಕಡೆಯವರು ಶಾಸನಗಳನ್ನೇ ಸಾಕ್ಷಿಗೆ ಕರೆದರು. ಒಬ್ಬರು, “ನಮ್ಮ ಶಾಸನಗಳಲ್ಲಿ ಸೂಳೆಗೆ ಗೌರವ ಇತ್ತು, ಅದು ಮಾನ್ಯವಾದ ವೃತ್ತಿಯಾಗಿತ್ತು, ಬ್ರಿಟಿಷರು ಬಂದು ಕೆಡಿಸಿದರು” ಎಂದರು. ಇನ್ನೊಬ್ಬರು, “ಆ ಸೂಳೆ ಈ ಸೂಳೆ ಅಲ್ಲವೇ ಅಲ್ಲ, ಅವರು ದೇವರ ಸೇವಕಿಯರು, ಅವರನ್ನು ಇದಕ್ಕೆ ಎಳೆಯಬೇಡಿ” ಎಂದರು. ಇಬ್ಬರ ಕೈಯಲ್ಲೂ ಶಾಸನದ ಪೂರ್ಣಪಾಠ ಇರಲಿಲ್ಲ. ಹಾಗಾಗಿ ಈ ಬರಹ. ಮೊದಲು ಕಲ್ಲು, ಆಮೇಲೆ ವಾದ.

ಮಹಾಕೂಟದ ಕಂಬ ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಕಾಲದ್ದು, ಅಂದರೆ 696ರಿಂದ 733ರ ನಡುವಿನದು. ವಿನಾಪೋಟಿ ಅವನ ಪ್ರಾಣವಲ್ಲಭೆ. ಅಜ್ಜಿ ರೇವಮಂಚಳ್, ತಾಯಿ ಕುಚಿಪೋಟಿ ಎಂದು ಶಾಸನ ವಂಶ ಹೇಳುತ್ತದೆ. ಅಪ್ಪನ ಹೆಸರಿಲ್ಲ, ಅಜ್ಜನ ಹೆಸರಿಲ್ಲ. ಮೂವರು ಹೆಂಗಸರ ಹೆಸರಿಗೂ ‘ಗಳ್’ ಹತ್ತಿದೆ. ನಾವು ಇವತ್ತು ‘ಅವರು’ ಎನ್ನುವ ಗೌರವವನ್ನೇ ಅದು ಕೊಡುತ್ತದೆ. ‘ಸೂಳೆಯರ್’ ಎಂಬಲ್ಲಿಯ ‘ಅರ್’ ಕೂಡ ಅದೇ. ಹುಡುಗಿ ಕೇಳಿದ್ದಕ್ಕೆ ಇಷ್ಟೇ ಉತ್ತರ. ಆವತ್ತು ಎರಡು ನಿಮಿಷದಲ್ಲಿ ಹೇಳಬಹುದಿತ್ತು.

ಆಕೆ ಮಾಡಿದ್ದೇನು? ಹಿರಣ್ಯಗರ್ಭ ನಡೆಸಿದಳು, ದೇವರ ಪೀಠಕ್ಕೆ ಕೆಂಪು ಹರಳು ಕಟ್ಟಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಮಂಗಳುಳ್ಳೆ ಎಂಬಲ್ಲಿ ಎಂಟು ನೂರರ ಅಳತೆಯ ಭೂಮಿ ಕೊಟ್ಟಳು. ಹಿರಣ್ಯಗರ್ಭ ಸಾಮಾನ್ಯರ ದಾನವಲ್ಲ. ಬಾದಾಮಿಯ ಕೋಟೆ ಕಟ್ಟಿಸಿದ ಒಂದನೇ ಪುಲಕೇಶಿಯ ಹೆಸರಿನ ಜೊತೆ ಹೊಗಳಿಕೆಯಾಗಿ ಬರುವ ಕ್ರಿಯೆ ಅದು. ಆ ಹೆಂಗಸಿನ ಕೈಯಲ್ಲಿ ದುಡ್ಡಿತ್ತು, ಜಮೀನಿತ್ತು, ಅವೆರಡನ್ನೂ ತನ್ನ ಹೆಸರಲ್ಲೇ ಕೊಡುವ ಅಧಿಕಾರವೂ ಇತ್ತು.

ಪಟ್ಟದಕಲ್ಲಿನ ಕಂಬವೊಂದರ ಮೇಲೆ ರಾಷ್ಟ್ರಕೂಟ ಧ್ರುವನ ಕಾಲದ ಬಾದಿಪೊದ್ದಿ ಇದ್ದಾಳೆ. ಗೋಯಿಂದಪೊದ್ದಿಯ ಮಗಳು, ಆ ದೇವಾಲಯದ ಸೂಳೆ. ದೇವರಿಗೆ ಕುದುರೆಯ ರಥ, ಆನೆಯ ರಥ ಕೊಟ್ಟವಳು. ಇಲ್ಲೂ ಗುರುತು ತಾಯಿಯ ಕಡೆಯಿಂದಲೇ.

ಈಗ ಗಮನಿಸಿ. ಎರಡೂ ಶಾಸನಗಳು ಈ ಹೆಂಗಸರು ಏನು ಕೊಟ್ಟರು ಎಂದು ಹೇಳುತ್ತವೆ. ಏನು ಕೆಲಸ ಮಾಡುತ್ತಿದ್ದರು ಎಂದು ಒಂದಕ್ಷರವೂ ಹೇಳುವುದಿಲ್ಲ. ಕುಣಿದರೋ, ಹಾಡಿದರೋ, ಚಾಮರ ಬೀಸಿದರೋ, ಯಾರ ಜೊತೆ ಮಲಗಿದರೋ, ಕಲ್ಲಿಗೆ ಅದು ಬೇಕಿಲ್ಲ. ದಾನಶಾಸನ ಇರುವುದು ದಾನವನ್ನು ಕಾಯೋದಕ್ಕೆ. ಆದ್ದರಿಂದ ‘ಗೌರವದ ವೃತ್ತಿಯಾಗಿತ್ತು’ ಎನ್ನುವವರು ದಾನಿಗೆ ಸಿಕ್ಕ ಗೌರವವನ್ನು ಕಸುಬಿಗೆ ಸಿಕ್ಕ ಗೌರವ ಎಂದು ಓದುತ್ತಿದ್ದಾರೆ. ರಾಜನ ಪ್ರಾಣವಲ್ಲಭೆಗೆ ಹತ್ತಿದ ‘ಅರ್’ ಬಾದಾಮಿಯ ಬೀದಿಯಲ್ಲಿದ್ದ ಎಲ್ಲರಿಗೂ ಹತ್ತುತ್ತಿತ್ತು ಅನ್ನೋದಕ್ಕೆ ಈ ಕಂಬ ಆಧಾರ ಆಗದು.

ಹಾಗೆಂದು ಎರಡನೆಯವರ ವಾದವೂ ನಿಲ್ಲುವುದಿಲ್ಲ. ‘ಆ ಸೂಳೆ ಬೇರೆ’ ಎನ್ನಬೇಕಾದರೂ ಕಲ್ಲು ಕೆಲಸ ಹೇಳಬೇಕಿತ್ತಲ್ಲ! ‘ನರ್ತಕಿ’, ‘ದೇವದಾಸಿ’, ‘ರಾಣಿ’ ಎಂಬ ನಮ್ಮ ಅನುವಾದಗಳು ಶಾಸನದಿಂದ ಬಂದವಲ್ಲ, ನಮ್ಮ ಮುಜುಗರದಿಂದ ಬಂದವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂದು ಹೆಸರಿಟ್ಟದ್ದೂ ಅದೇ ಮುಜುಗರ. ಅಲ್ಲಿಯ ಐತಿಹ್ಯದ ಪ್ರಕಾರ ಕೆರೆ ಕಟ್ಟಿಸಹೊರಟ ಶಾಂತವ್ವೆಗೆ ಜಾಗ ಬಿಟ್ಟುಕೊಟ್ಟವರು ಸೂಳೆಯರು, ಕೇಳಿದ ಬೆಲೆ ಒಂದೇ, ಕೆರೆಗೆ ತಮ್ಮ ಹೆಸರು. ಐತಿಹ್ಯ ಇತಿಹಾಸವಲ್ಲ, ನಿಜ. ಆದರೆ ಕತೆಯೊಳಗಿನ ಕರಾರನ್ನಾದರೂ ಮುರಿದವರು ನಾವೇ.

ಪದದ ಬಗ್ಗೆ ಒಂದು ಮಾತು. ‘ಸೂಳ್’ ಎಂದರೆ ಸರದಿ, ಸರದಿಯಂತೆ ಸೇವೆ ಮಾಡುವವಳು ಸೂಳೆ ಎಂಬ ನಿಷ್ಪತ್ತಿಯನ್ನು ಕೆಲವರು ಮುಂದಿಡುತ್ತಾರೆ. ಕೇಳಲಿಕ್ಕೆ ಚೆನ್ನಾಗಿದೆ, ಕೆಲಸ ಎಂಬ ವಾದಕ್ಕೂ ಅನುಕೂಲ. ಆದರೆ ಸರದಿಯ ‘ಸೂೞ್’ನಲ್ಲಿರುವುದು ೞಕಾರ. ೞ ಮತ್ತು ಳ ಬೇರೆ ಬೇರೆಯಾಗಿದ್ದ ಕಾಲದ ಶಾಸನಕ್ಕೆ ಈ ನಿಷ್ಪತ್ತಿ ಹೊಂದಿಸಬೇಕಾದರೆ ಆ ಅಕ್ಷರಕ್ಕೆ ಮೊದಲು ಉತ್ತರ ಹೇಳಬೇಕು. ನಾನಂತೂ ಅದರ ಮೇಲೆ ಭಾರ ಹಾಕುವುದಿಲ್ಲ.

ಹಾಗಾದರೆ ಕೆಲಸವನ್ನು ಕೆಲಸ ಎಂದು ಬರೆದಿಟ್ಟ ಕಲ್ಲು ಇಲ್ಲವೇ? ಇದೆ, ತಂಜಾವೂರಿನಲ್ಲಿ. ಒಂದನೇ ರಾಜರಾಜನ 29ನೇ ಆಳ್ವಿಕೆಯ ವರ್ಷದ ಶಾಸನ. ಬೃಹದೀಶ್ವರಕ್ಕೆ ಬೇರೆ ಬೇರೆ ದೇವಾಲಯಗಳಿಂದ 400 ಹೆಂಗಸರನ್ನು ತಂದು, ಕೇರಿ ಕಟ್ಟಿ, ಮನೆ ಲೆಕ್ಕದಲ್ಲಿ ಒಬ್ಬೊಬ್ಬರ ಹೆಸರನ್ನೂ, ಆಕೆ ಮೊದಲಿದ್ದ ದೇವಾಲಯವನ್ನೂ ಬರೆದಿದ್ದಾರೆ. ಒಬ್ಬೊಬ್ಬರಿಗೂ ಒಂದು ಪಾಲು, ವರ್ಷಕ್ಕೆ 100 ಕಲಂ ಭತ್ತ. ಅದೇ ಪಟ್ಟಿಯಲ್ಲಿ ನಟುವರು, ವಾದ್ಯದವರು, ಲೆಕ್ಕ ಬರೆಯುವವರು, ಕುಂಬಾರ, ಅಗಸ, ಕ್ಷೌರಿಕ, ದರ್ಜಿ, ಬಡಗಿ, ಅಕ್ಕಸಾಲಿ ಎಲ್ಲರೂ ಇದ್ದಾರೆ. ಪಾಲುದಾರರು ಸತ್ತರೆ ಅಥವಾ ಊರು ಬಿಟ್ಟರೆ ಹತ್ತಿರದ ಸಂಬಂಧಿಕರು ಪಾಲು ಪಡೆದು ಕೆಲಸ ಮಾಡಬೇಕು, ತಮಗೆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯರನ್ನು ನೇಮಿಸಬೇಕು. ಇದಕ್ಕಿಂತ ಸ್ಪಷ್ಟವಾಗಿ ನೌಕರಿಯನ್ನು ಯಾವ ಕಚೇರಿ ಬರೆದೀತು? ಕುಂಬಾರನದು ಕೆಲಸವಾದರೆ ಇವರದೂ ಕೆಲಸ.

ಆದರೆ ಇದು ಲೈಂಗಿಕ ವೃತ್ತಿಗೆ ಸಾಕ್ಷಿಯಲ್ಲ. ಲೆಸ್ಲಿ ಆರ್ ತಮಿಳು ಶಾಸನಗಳನ್ನು ಜಾಲಾಡಿ 2000ದಲ್ಲಿ ಪ್ರಕಟಿಸಿದ ಪುಸ್ತಕದ ಮುಖ್ಯ ಎಚ್ಚರಿಕೆಯೇ ಇದು. ದೇವಾಲಯದ ಹೆಣ್ಣುಗಳೆಂದರೆ ವೇಶ್ಯೆಯರು ಎಂಬ ಸಮೀಕರಣಕ್ಕೆ ಶಾಸನಗಳು ಆಧಾರ ಕೊಡುವುದಿಲ್ಲ, ಅವರು ಹೆಚ್ಚಾಗಿ ಕಾಣುವುದು ದಾನಿಗಳಾಗಿ, ಮತ್ತು ತಂಜಾವೂರಿನಂಥ ದೊಡ್ಡ ನೇಮಕಾತಿ ಒಂದು ಅಪವಾದ. ನಮ್ಮ ಕಡೆಯ ಶಾಸನಗಳ ಮೇಲೆ ಅಲೋಕಾ ಪರಾಶರ್ ಮತ್ತು ಉಷಾ ನಾಯಕ್ 1986ರಲ್ಲಿ ಬರೆದ ಲೇಖನವನ್ನೂ ಚರ್ಚೆಗೆ ಇಳಿಯುವವರು ಒಮ್ಮೆ ಓದಬೇಕು. ತಂಜಾವೂರಿನ ಬಗ್ಗೆ ನನಗಿರುವ ತಕರಾರು ಇನ್ನೊಂದು. ಆ 400 ಜನರನ್ನು ತಂದರು ಎಂದಿದೆ. ಬರ್ತೀಯಾ ಅಂತ ಅವರನ್ನು ಕೇಳಿದರೋ? ಶಾಸನದ ಮೌನವನ್ನು ಒಪ್ಪಿಗೆ ಎಂದು ಓದುವ ಅಭ್ಯಾಸ ನಮ್ಮಲ್ಲಿದೆ.

ದುಡ್ಡು ಪಡೆದು ದೇಹಸಂಬಂಧ ಕೊಡುವ ಕಸುಬನ್ನು ಪ್ರಭುತ್ವ ಕೆಲಸವಾಗಿ ಕಂಡ ದಾಖಲೆ ಬೇಕಾದರೆ ಕಲ್ಲು ಬಿಟ್ಟು ಗ್ರಂಥಕ್ಕೆ ಹೋಗಬೇಕು. ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯ ಇದೆ. ಗಣಿಕೆಗೆ 1000 ಪಣ ಸಂಬಳ. ರೂಪಾಜೀವೆಯರು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ತೆರಿಗೆ ಕಟ್ಟಬೇಕು. ಕಲೆ ಕಲಿಸುವವರಿಗೆ ಸರಕಾರದ ಸಂಬಳ. ವಯಸ್ಸಾದ ಮೇಲೆ ಉಗ್ರಾಣದಲ್ಲೋ ಅಡುಗೆಮನೆಯಲ್ಲೋ ಕೆಲಸ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್, ನಗರದ 12,000 ಕಾವಲು ಪೊಲೀಸರ ಸಂಬಳ ವೇಶ್ಯಾಗೃಹಗಳ ಆದಾಯದಿಂದಲೇ ಬರುತ್ತಿತ್ತು ಎಂದು ಬರೆದ. (ಆ ಸಂಖ್ಯೆಯನ್ನು ನಾನು ಉಪ್ಪು ಹಾಕಿಯೇ ತಿನ್ನುತ್ತೇನೆ.) ಇಷ್ಟು ಓದಿದರೆ ಮೊದಲ ಪಕ್ಷದವರಿಗೆ ಖುಷಿಯಾಗಬೇಕು. ಸಂಬಳ, ತೆರಿಗೆ, ನಿವೃತ್ತಿ ಎಲ್ಲಾ ಇದೆ.

ಅದೇ ಅಧ್ಯಾಯದ ಉಳಿದ ಸಾಲುಗಳನ್ನು ಅವರು ಉದ್ಧರಿಸುವುದನ್ನು ನಾನು ಕಂಡಿಲ್ಲ. ಗಣಿಕೆ ಬಿಡುಗಡೆ ಬಯಸಿದರೆ ಕಟ್ಟಬೇಕಾದ ಮೊತ್ತ 24,000 ಪಣ, ಅಂದರೆ ಇಪ್ಪತ್ತನಾಲ್ಕು ವರ್ಷದ ಪೂರ್ತಿ ಸಂಬಳ. ರಾಜಾಜ್ಞೆಯಾದ ಮೇಲೂ ಒಬ್ಬ ಗಂಡಸಿನ ಬಳಿಗೆ ಹೋಗಲು ಒಲ್ಲೆ ಎಂದರೆ ಸಾವಿರ ಛಡಿ ಏಟು, ಇಲ್ಲವೇ 5000 ಪಣ ದಂಡ. ಅದನ್ನು ಕೆಲಸ ಎಂದು ಕೌಟಿಲ್ಯ ಪೂರ್ತಿಯಾಗಿ ಒಪ್ಪಿದ್ದ. ಒಪ್ಪಿಕೊಂಡೇ ಆ ಛಡಿಯನ್ನೂ ಬರೆದ. ಕೆಲಸ ಎಂದು ಕರೆದುಬಿಟ್ಟರೆ ಘನತೆ ತಾನಾಗಿ ಹಿಂದೆ ಬರುತ್ತದೆ ಎನ್ನುವವರು ಈ ಎರಡು ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇದಕ್ಕೆ ಎದುರಾಗಿ ನಮ್ಮಲ್ಲೊಂದು ದನಿ ಇದೆ. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆ, ಅಂಕಿತ ನಿರ್ಲಜ್ಜೇಶ್ವರ. ಉಳಿದಿರುವುದು ಒಂದೇ ವಚನ. ಒಬ್ಬರಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬರ ಒತ್ತೆ ಹಿಡಿಯಲಾರೆ, ಹಿಡಿದರೆ ಶಿಕ್ಷೆ ಏನೆಂದು ಬಲ್ಲೆ, ಎಂಬುದು ಅದರ ತಿರುಳು. ಭಕ್ತಿಯ ನಿಷ್ಠೆಯನ್ನು ಹೇಳಲು ತನ್ನ ಕಸುಬಿನ ನೇಮವನ್ನೇ ಉಪಮಾನ ಮಾಡಿಕೊಂಡಿದ್ದಾಳೆ. ಕುಂಬಾರನಿಗೆ ಚಕ್ರ ಹೇಗೋ ಇವಳಿಗೆ ಒತ್ತೆ ಹಾಗೆ. ನಾನು ನೋಡಿದ ಮಟ್ಟಿಗೆ, ಈ ಕಸುಬಿಗೂ ಮುಂಗಡ, ಕರಾರು, ನಂಬಿಕೆ ಉಂಟು ಎಂದು ಒಳಗಿನವಳೇ ಹೇಳಿದ ಹಳೆಯ ಕನ್ನಡದ ಮಾತು ಇದು. ಗಣಿಕಾಧ್ಯಕ್ಷನೂ ದುಡ್ಡು ಪಡೆದು ಒಲ್ಲೆ ಎಂದವಳಿಗೆ ಎರಡು ಪಟ್ಟು ದಂಡ ಹಾಕುತ್ತಾನೆ. ಇಲ್ಲಿ ನೇಮ ಹಾಕಿಕೊಂಡವಳು ಅವಳೇ.

ಇವತ್ತಿನ ಪಠ್ಯಗಳನ್ನೂ ಇದೇ ಶಿಸ್ತಿನಲ್ಲಿ ಓದಬೇಕು. 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಾಗ ‘ಲೈಂಗಿಕ ವೃತ್ತಿಗೆ ಮಾನ್ಯತೆ’ ಎಂಬಂಥ ತಲೆಬರಹಗಳು ಬಂದವು. ಆದೇಶದ ಪಾಠ ಅಷ್ಟು ಹೇಳುವುದಿಲ್ಲ. ವೃತ್ತಿ ಯಾವುದೇ ಇರಲಿ, ಸಂವಿಧಾನದ 21ನೇ ವಿಧಿಯಂತೆ ಎಲ್ಲರಿಗೂ ಘನತೆಯ ಬದುಕಿನ ಹಕ್ಕಿದೆ ಎನ್ನುತ್ತದೆ. ‘ವೃತ್ತಿ’ ಎಂಬ ಪದ ಅಲ್ಲಿ ಹಾದುಹೋಗುವಾಗ ಬಂದಿದೆ. ವಿನಾಪೋಟಿಯ ‘ಅರ್’ ಹಿಡಿದು ಇಡೀ ಯುಗಕ್ಕೆ ಗೌರವ ಕೊಟ್ಟ ಹಾಗೇ ಇದೂ.

1956ರ ಕಾಯ್ದೆ ಇನ್ನೂ ಜಾರಿಯಲ್ಲಿದೆ. ವಯಸ್ಕ ಹೆಂಗಸು ಒಬ್ಬಳೇ, ಖಾಸಗಿಯಾಗಿ ಈ ಕಸುಬು ಮಾಡಿದರೆ ಅದೇ ಅಪರಾಧವಲ್ಲ. ಆದರೆ ಗೃಹ ನಡೆಸುವುದು, ಸಾರ್ವಜನಿಕವಾಗಿ ಗಿರಾಕಿ ಕರೆಯುವುದು ಅಪರಾಧ, ಮತ್ತು ಆಕೆಯ ಗಳಿಕೆಯಲ್ಲಿ ಬದುಕುವ 18 ದಾಟಿದ ಯಾರೇ ಆದರೂ ಶಿಕ್ಷೆಗೆ ಅರ್ಹರು. ಮಹಾಕೂಟದ ಪದಕ್ಕೆ ಇಂದಿನ ಅರ್ಥವನ್ನೇ ಕೊಟ್ಟು ನೋಡಿ. ರೇವಮಂಚಳ್, ಕುಚಿಪೋಟಿ, ವಿನಾಪೋಟಿ ಒಂದೇ ಮನೆಯಲ್ಲಿ ಒಂದೇ ಒಲೆಯಲ್ಲಿ ಉಂಡಿದ್ದರೆ, ಇವತ್ತು ಮುದುಕಿ ಅಜ್ಜಿಯ ಮೇಲೂ ಕೇಸು ಹಾಕಬಹುದು. ಕಲ್ಲಿನ ಮೇಲೆ ವಂಶಾವಳಿಯಾದದ್ದು ಠಾಣೆಯಲ್ಲಿ ಆರೋಪಪಟ್ಟಿ ಆಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಇದು ಕೆಲಸವೇ. ಬಾಡಿಗೆ ಕಟ್ಟಲು, ಮಕ್ಕಳ ಫೀಸು ತುಂಬಲು ದಿನಾ ಮಾಡುವ ದುಡಿಮೆಗೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಸರಕಾರದ ಕಾಗದಗಳಲ್ಲಿ ಈಗ ‘ದಮನಿತ ಮಹಿಳೆ’ ಎಂಬ ಮಾತು ಬಂದಿದೆ. ಬೈಗುಳಕ್ಕಿಂತ ಮೇಲು, ಆದರೆ ಅದರಲ್ಲೂ ಆಕೆ ಏನು ಮಾಡುತ್ತಾಳೆ ಎಂಬುದು ಕಾಣುವುದಿಲ್ಲ, ಅವಳಿಗೆ ಏನಾಗಿದೆ ಎಂಬುದಷ್ಟೇ ಕಾಣುತ್ತದೆ. ಇದರ ಜೊತೆಗೇ ಒಂದು ಗೆರೆ ಎಳೆಯಬೇಕು. ಎಳೆ ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದು ಯಾವ ಲೆಕ್ಕದಲ್ಲೂ ಕೆಲಸವಲ್ಲ. ಕರ್ನಾಟಕದ 1982ರ ಕಾಯ್ದೆ ಅದನ್ನು ನಿಷೇಧಿಸಿದ್ದು ಸರಿ. ವಯಸ್ಕಳ ದುಡಿಮೆಗೆ ನ್ಯಾಯ ಕೇಳುವವರು ಆ ಪದ್ಧತಿಗೆ ವಿನಾಪೋಟಿಯ ಬೆಳ್ಳಿ ಕೊಡೆ ಹಿಡಿಯಬಾರದು. ಹಾಗೆಯೇ, ಆ ಪದ್ಧತಿಯನ್ನು ಖಂಡಿಸುವವರು ಎಲ್ಲ ದುಡಿಯುವವರನ್ನೂ ಮುತ್ತು ಕಟ್ಟಿಸಿಕೊಂಡ ಮಕ್ಕಳೆಂದು ಬಗೆಯಬಾರದು.

ಕಲ್ಲಿನಿಂದ ಈ ವಾದಕ್ಕೆ ತೀರ್ಪು ಸಿಗದು. ವಿನಾಪೋಟಿಗೆ ಒಲ್ಲೆ ಅನ್ನಲಿಕ್ಕೆ ಆಗುತ್ತಿತ್ತೇ, ಬಿಟ್ಟು ಹೋಗಲಿಕ್ಕೆ ಆಗುತ್ತಿತ್ತೇ, ಕಂಬದಲ್ಲಿ ಇಲ್ಲ. ಗಳಿಸಿದ್ದು ಕೈಯಲ್ಲಿತ್ತು ಎಂಬುದು ಮಾತ್ರ ಇದೆ. ಇವತ್ತು ಬದುಕಿರುವವರನ್ನು ಈ ಮೂರನ್ನೂ ಕೇಳಬಹುದು, ಶಾಸನ ಓದುವ ನಮ್ಮನ್ನು ಕೇಳಬೇಕಾದ್ದಿಲ್ಲ.

ನನ್ನ ಹಳೆಯ ಟಿಪ್ಪಣಿಯ ಹಾಳೆಯಲ್ಲಿ ‘ರಾಣಿ’ ಎಂದಿದ್ದ ಕಡೆ ‘ಸೂಳೆಯರು’ ಎಂದು ತಿದ್ದಿದ್ದೇನೆ. ಆವತ್ತು ಅದನ್ನು ಬರೆದುಕೊಂಡವರು ಈಗ ಮಾಸ್ತರಾಗಿ ತಮ್ಮ ಮಕ್ಕಳಿಗೂ ಅದನ್ನೇ ಹೇಳುತ್ತಿರಬಹುದು. ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಇನ್ನೊಂದು ಕೋರಿಕೆ, ಬಾದಿಪೊದ್ದಿಯ ಪಟ್ಟದಕಲ್ಲು ಶಾಸನದ ಒಳ್ಳೆಯ ಪಡಿಯಚ್ಚು ಯಾರ ಬಳಿಯಾದರೂ ಇದ್ದರೆ ಕಳಿಸಿ. ನನ್ನಲ್ಲಿರುವ ಫೋಟೋದಲ್ಲಿ ಕೊನೆಯ ಸಾಲುಗಳು ಮಸುಕಾಗಿವೆ, ಅವನ್ನು ಇನ್ನೊಮ್ಮೆ ಓದಬೇಕಿದೆ.