ಕೊನೆಯ ಸಾಲಿನ ಮಾನಿಟರ್

ಅಕ್ಕನ ಮಗಳು ಗದಗಿನಿಂದ ವಾಟ್ಸಾಪ್‌ನಲ್ಲಿ ಒಂದು ಕೊಟೇಶನ್ ಚೀಟಿ ಕಳಿಸಿದ್ದಳು. ಹಿಂದೆಯೇ ಫೋನು: "ಮಾಮಾ, ಇದು ಸರಿ ಐತೇನು ನೋಡು. ಅರವತ್ತು ಸಾವಿರದಾಗ ಮುಗೀಬೇಕು."

ಚೀಟಿಯ ನೆತ್ತಿಯ ಮೇಲೆ, ಎರಡು ಅಡಿಗೆರೆ ಎಳೆದು, ಗ್ರಾಫಿಕ್ಸ್ ಕಾರ್ಡ್. ಒಟ್ಟು ಹಣದ ಕಾಲು ಭಾಗಕ್ಕಿಂತ ಹೆಚ್ಚು ಅದೊಂದಕ್ಕೇ. ಕೆಳಗೆ ಪ್ರೊಸೆಸರ್, ಬೋರ್ಡ್, ರ್ಯಾಮ್. ಕಟ್ಟಕಡೆಗೆ, ಜಾಗ ಸಾಲದೆ ಅಂಚಿಗೆ ಬಾಗಿಸಿ ಬರೆದದ್ದು: '22 ಇಂಚು ಮಾನಿಟರ್'. ಯಾವ ಕಂಪನಿ, ಯಾವ ಪ್ಯಾನೆಲ್, ಒಂದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಇಂಥ ಚೀಟಿ ಓದುತ್ತ ಬಂದಿದ್ದೇನೆ. ಸಾಲುಗಳ ಕ್ರಮ ನೋಡಿದರೇ ಸಾಕು, ಅಂಗಡಿಯವನಿಗೆ ಯಾವುದನ್ನು ಸಾಗಿಸುವ ಅವಸರವಿದೆ ಎಂದು ತಿಳಿಯುತ್ತದೆ.

"ದಿನಾ ಏನೇನು ತೆಗೀತಿ?" ಎಂದೆ.

"ಕೋರಲ್, ಫೋಟೋಶಾಪ್, ನುಡಿ. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಆಗೊಮ್ಮೆ ಈಗೊಮ್ಮೆ ಫ್ಲೆಕ್ಸು."

"ತ್ರೀಡಿ? ವಿಡಿಯೋ?"

"ತ್ರೀಡಿ ಬರೂದಿಲ್ಲ. ಯಾವಾಗರ ಒಂದು ರೀಲ್ಸ್ ಮಾಡಿಕೊಡ್ತೀನಿ."

ಮುದ್ರಣ ಕಾಶಿ ಎಂದು ಹೆಸರು ಪಡೆದ ಊರಿನಲ್ಲಿ ಐದು ವರ್ಷ ಡಿಟಿಪಿ ಅಂಗಡಿಯಲ್ಲಿ ಕೂತು, ಈಗ ಮನೆಯಲ್ಲೇ ಸ್ವಂತ ಕೆಲಸ ಶುರುಮಾಡುತ್ತಿರುವ ಹುಡುಗಿ. ಅವಳ ಕೆಲಸಕ್ಕೆ ಆ ಕಾರ್ಡು ಬೇಕಿಲ್ಲ. "ಕಾರ್ಡ್ ಇಲ್ಲಂದ್ರ ಡಿಸೈನೇ ಆಗೂದಿಲ್ಲ ಅಂತಾರಲ್ಲ?" ಎಂದಳು. ಅನ್ನುತ್ತಾರೆ, ನಿಜ. ಬ್ಲೆಂಡರ್‌ನಲ್ಲಿ ಮನೆಯ ಮಾದರಿ ಕಟ್ಟುವವರಿಗೆ, ಡಾವಿಂಚಿ ರಿಸಾಲ್ವ್‌ನಲ್ಲಿ ಸಿನಿಮಾಕ್ಕೆ ಬಣ್ಣ ಹಚ್ಚುವವರಿಗೆ ಆ ಮಾತು ಸರಿ. ಅಂಥವರು ಹೊಟ್ಟೆ ಬಟ್ಟೆ ಕಟ್ಟಿಯಾದರೂ ಆರ್‌ಟಿಎಕ್ಸ್ 3060ರ 12 ಜಿಬಿ ಕಾರ್ಡಿನಂಥದ್ದನ್ನು ಹುಡುಕಬೇಕು. ಆದರೆ ಗೆರೆ, ಅಕ್ಷರ, ಫೋಟೋಗಳ ಕೆಲಸ ಬಹುಪಾಲು ಪ್ರೊಸೆಸರ್‌ನ ಒಂದೆರಡು ಕೋರ್‌ಗಳ ವೇಗದ ಮೇಲೆ ನಿಂತಿದೆ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕೆ ಸಾಕು. ತಿಂಗಳಿಗೊಂದು ರೀಲ್ಸ್‌ಗೂ ಸಾಕು.

ಹಾಗಾಗಿ ನನ್ನ ಆಯ್ಕೆ ಇಂಟೆಲ್ ಐ5-12400. ಬಂದದ್ದು 2022ರ ಜನವರಿಯಲ್ಲಿ; ಹಳೆಯದೆಂದು ಮೂಗು ಮುರಿಯುವವರು ಮುರಿಯಲಿ. ಆರು ಕೋರ್, ಹನ್ನೆರಡು ಥ್ರೆಡ್, ಜೊತೆಗೆ ಬರುವ ಫ್ಯಾನೇ ತಣ್ಣಗಿಡುತ್ತದೆ. ಎಎಮ್‌ಡಿ ಕಡೆಯ ರೈಜನ್ 5 5600ಜಿ ಕೂಡ ಒಳ್ಳೆಯದೇ. ಎರಡರಲ್ಲಿ ಯಾವುದು ಕೊಂಡರೂ ಹೆಸರಿನ ಕೊನೆಯ ಅಕ್ಷರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ಎಎಮ್‌ಡಿಯ ಆ ಸಾಲಿನಲ್ಲಿ 'ಜಿ' ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುತ್ತದೆ. ಇಂಟೆಲ್‌ನಲ್ಲಿ 'ಎಫ್' ಇದ್ದರೆ ಇರುವುದಿಲ್ಲ. ಒಮ್ಮೆ ಗೆಳೆಯನೊಬ್ಬನಿಗೆ ಯಂತ್ರ ಜೋಡಿಸುವಾಗ, ಒಂದೆರಡು ಸಾವಿರ ಉಳಿಯಿತೆಂದು ಹಿಗ್ಗಿ 12400ಎಫ್ ತಂದಿದ್ದೆ. ಎಲ್ಲ ಕೂರಿಸಿ, ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ರ್ಯಾಮ್ ಕಿತ್ತು ಹಾಕಿ, ಕೇಬಲ್ ಬದಲಿಸಿ, ಬೋರ್ಡನ್ನು ಬೈದು, ರಾತ್ರಿ ಹನ್ನೊಂದಕ್ಕೆ ಡಬ್ಬದ ಮೇಲಿನ ಆ ಒಂದು ಅಕ್ಷರ ಕಣ್ಣಿಗೆ ಬಿತ್ತು. ಗೆಳೆಯನ ಹೆಂಡತಿ ಅಷ್ಟರಲ್ಲಿ ಎರಡು ಸಲ ಚಹಾ ಮಾಡಿದ್ದರು.

ರ್ಯಾಮ್ ವಿಷಯದಲ್ಲಿ ಜಿಪುಣತನ ನಡೆಯುವುದಿಲ್ಲ. ಅವಳ ಫ್ಲೆಕ್ಸ್ ಲೆಕ್ಕವನ್ನೇ ಹಾಕೋಣ. ಹತ್ತು ಅಡಿ ಅಗಲ, ಆರು ಅಡಿ ಎತ್ತರ, ಇಂಚಿಗೆ 72 ಪಿಕ್ಸೆಲ್. ಅಂದರೆ 8,640 ಗುಣಿಸು 5,184, ಸುಮಾರು 4.5 ಕೋಟಿ ಪಿಕ್ಸೆಲ್. ಮುದ್ರಣದ ನಾಲ್ಕು ಬಣ್ಣಕ್ಕೆ ತಲಾ ಒಂದು ಬೈಟ್ ಎಂದರೂ ಒಂದು ತುಂಬು ಲೇಯರಿಗೆ 180 ಎಂಬಿ ಹತ್ತಿರ. ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಎಂದರೆ ಗೊತ್ತಲ್ಲ, ಕೆಳಗೆ ಶುಭ ಕೋರುವ ಇಪ್ಪತ್ತು ಮುಖ, ಹಿಂದೆ ಕಿರಣ, ಮುಂದೆ ಹಾರ. ಲೇಯರುಗಳು ಬೆಳೆಯುತ್ತಲೇ ಹೋಗುತ್ತವೆ. 8 ಜಿಬಿ ಅಲ್ಲಿಗೆ ಏದುಸಿರು ಬಿಡುತ್ತದೆ. ಕನಿಷ್ಠ 16 ಬೇಕು.

ಇದೇ ಫ್ಲೆಕ್ಸನ್ನು 'ಕ್ಲಿಯರ್ ಬರಲಿ' ಎಂದು 300ರಲ್ಲಿ ತೆರೆಯುವವರೂ ಇದ್ದಾರೆ. ಆಗ ಒಂದು ಬದಿಯೇ 36,000 ಪಿಕ್ಸೆಲ್. ಒಂದು ಲೇಯರಿಗೆ 3 ಜಿಬಿ ದಾಟುತ್ತದೆ. ಪಿಎಸ್‌ಡಿ ಫೈಲು ಒಂದು ಬದಿಗೆ 30,000ಕ್ಕಿಂತ ಹೆಚ್ಚು ಪಿಕ್ಸೆಲ್ ಹಿಡಿಸಿಕೊಳ್ಳುವುದೇ ಇಲ್ಲ. ರಸ್ತೆಯ ಆಚೆ ಬದಿಯಿಂದ ನೋಡುವ ಬ್ಯಾನರಿಗೆ ಇಷ್ಟೆಲ್ಲ ಏಕೆ? ಎಂಥ ಯಂತ್ರ ಕೊಟ್ಟರೂ ಅದನ್ನು ಮಂಡಿಯೂರಿಸುವ ಕಲೆ ಇದು.

16 ಜಿಬಿಯನ್ನು ಒಂದೇ ಪಟ್ಟಿಯಲ್ಲಿ ಕೊಳ್ಳದೆ ಎಂಟರ ಜೋಡಿ ಕೊಳ್ಳಿ. ಒಳಗಿನ ಗ್ರಾಫಿಕ್ಸ್ ಇದೇ ರ್ಯಾಮನ್ನು ಹಂಚಿಕೊಂಡು ಬದುಕುವುದರಿಂದ, ಎರಡು ದಾರಿ ತೆರೆದರೆ ಅದಕ್ಕೂ ಉಸಿರಾಟ ಸುಲಭ. 2025ರ ಕೊನೆಯಿಂದ ರ್ಯಾಮ್ ದರ ಏರಿ ಕೂತಿದೆ. ಎಐ ಡೇಟಾ ಸೆಂಟರುಗಳ ಹಸಿವಿನ ಬಿಸಿ ಗದಗಿನ ಡಿಟಿಪಿಗೂ ತಟ್ಟಿದೆ. ಅದಕ್ಕೇ ಬೋರ್ಡು ಕೊಳ್ಳುವಾಗ ಎರಡೇ ಸ್ಲಾಟಿನ ಎಚ್610 ಬಿಟ್ಟು, ಡಿಡಿಆರ್4 ಹಿಡಿಯುವ, ನಾಲ್ಕು ಸ್ಲಾಟಿನ ಬಿ660 ಅಥವಾ ಬಿ760 ಬರೆಸಿದೆ. ದರ ಇಳಿದಾಗ ಇನ್ನೊಂದು ಜೋಡಿ ಹಾಕಿಕೊಳ್ಳಲಿ.

ಎಸ್‌ಎಸ್‌ಡಿ ಎನ್‌ವಿಎಂಇ ಇರಲಿ, ಸಾಧ್ಯವಾದರೆ 1 ಟಿಬಿ. ಅದನ್ನು ಕಂಠಪೂರ್ತಿ ತುಂಬಬೇಡಿ, ಫೋಟೋಶಾಪ್ ರ್ಯಾಮ್ ಮುಗಿದಾಗ ಅಲ್ಲೇ ಬಂದು ಕೂರುವುದು. ಕ್ಯಾಬಿನೆಟ್ ಗಾಳಿ ಆಡುವಂಥದ್ದಾದರೆ ಯಾವುದಾದರೂ ಸರಿ, ಬಣ್ಣದ ದೀಪದ ಫ್ಯಾನ್ ಮಾತ್ರ ಬೇಡ. ಬಣ್ಣ ನೋಡಿ ಹೊಟ್ಟೆ ಹೊರೆಯುವವರು ಪರದೆಯ ಪಕ್ಕದಲ್ಲಿ ಜಾತ್ರೆಯ ದೀಪ ಹಚ್ಚಿಕೊಂಡು ಕೂರುವುದು ನನಗೆ ಅರ್ಥವಾಗುವುದಿಲ್ಲ.

ಕ್ಯಾಬಿನೆಟ್ ಜೊತೆ 'ಫ್ರೀ' ಬರುವ ಎಸ್‌ಎಂಪಿಎಸ್ ಎತ್ತಿ ನೋಡಿ, ಖಾಲಿ ಡಬ್ಬಿಯಷ್ಟು ಹಗುರ ಇರುತ್ತದೆ. ಮೇಲೆ 500 ವಾಟ್ ಎಂದು ಬರೆದಿದ್ದರೂ ನಂಬಬೇಡಿ. 80 ಪ್ಲಸ್ ಬ್ರಾಂಜ್ ಗುರುತಿನ 450 ವಾಟಿನದು ಬೇರೆಯಾಗಿಯೇ ಕೊಳ್ಳಿ. 12400 ಎಷ್ಟೇ ಓಡಿದರೂ 117 ವಾಟ್ ಮೀರದ ಪ್ರೊಸೆಸರ್. ಮಿಕ್ಕ ಭಾಗಗಳೆಲ್ಲ ಸೇರಿದರೂ ಅರ್ಧಕ್ಕೆ ಬರುವುದಿಲ್ಲ. ನಾಳೆ ಸಣ್ಣ ಕಾರ್ಡು ಬಂದರೂ ಜಾಗವಿದೆ. ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ 600 ವಿಎ ಯುಪಿಎಸ್ ಕೂಡ ಇದೇ ಲೆಕ್ಕದಲ್ಲಿ ಸೇರಬೇಕು. ಫೈಲು ಸೇವ್ ಮಾಡುವಷ್ಟು ಹೊತ್ತು ಕೊಟ್ಟರೆ ಅದರ ಋಣ ತೀರಿತು.

ಕಾರ್ಡು ಬಿಟ್ಟಿದ್ದರಿಂದ ಉಳಿದ ಹಣವನ್ನು ಅತ್ತಿತ್ತ ಚದುರಗೊಡದೆ ಮಾನಿಟರಿಗೆ ಹಾಕಿಸಿದೆ. ಅಂಗಡಿಯ 22 ಇಂಚಿನದರ ಮಾದರಿ ಕೇಳಿಸಿದರೆ ನನ್ನ ಗುಮಾನಿ ನಿಜವಾಯಿತು: ಟಿಎನ್ ಪ್ಯಾನೆಲ್. ಕೂತು ನೋಡಿದರೆ ಒಂದು ಬಣ್ಣ, ಎದ್ದು ನಿಂತರೆ ಇನ್ನೊಂದು. ಲಗ್ನಪತ್ರಿಕೆಯ ಅರಿಶಿನ ಮೇಲ್ಭಾಗದಲ್ಲಿ ಗಾಢ, ಕೆಳಭಾಗದಲ್ಲಿ ಪೇಲವ. ಹುಡುಗಿ ಅದನ್ನು ಸರಿಪಡಿಸಲು ಹೋಗಿ ಸರಿಯಿದ್ದದ್ದನ್ನು ಕೆಡಿಸುತ್ತಾಳೆ. ಡಬ್ಬದ ಮೇಲಿನ '1.67 ಕೋಟಿ ಬಣ್ಣ' ಎಂಬ ಬರಹಕ್ಕೆ ಮರುಳಾಗಬೇಡಿ. ಅದು ಮೆಟ್ಟಿಲುಗಳ ಎಣಿಕೆ, ಏಣಿ ಎಷ್ಟು ಉದ್ದ ಎಂಬುದಲ್ಲ. ಕೇಳಬೇಕಾದದ್ದು ಎಸ್‌ಆರ್‌ಜಿಬಿ ಶೇಕಡ ಎಷ್ಟು ಎಂದು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಗೊತ್ತುಮಾಡಿದ ಬಣ್ಣದ ಗಡಿ ಅದು. 99 ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕೆಲವರು '45% ಎನ್‌ಟಿಎಸ್‌ಸಿ' ಎಂದು ಬೇರೆ ಅಳತೆಯಲ್ಲಿ ಬರೆದು ಜಾರಿಕೊಳ್ಳುತ್ತಾರೆ. ಅಂದರೆ ಎಸ್‌ಆರ್‌ಜಿಬಿಯ ಮೂರನೇ ಎರಡು ಪಾಲೂ ಇಲ್ಲ. ಅದೇ ಅಳತೆಯಲ್ಲಿ 72 ಎಂದಿದ್ದರೆ ಸರಿಸುಮಾರು ಪೂರ್ತಿ.

24 ಇಂಚಿನ ಐಪಿಎಸ್, 99 ಶೇಕಡ, 14,000 ರೂಪಾಯಿಯೊಳಗೆ ಕೂತಿತು. ಬ್ರೈಟ್‌ನೆಸ್ ಇಳಿಸಿಕೊಂಡು, ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದ ಒಂದು ಪತ್ರಿಕೆಯನ್ನು ಪರದೆಯ ಪಕ್ಕದಲ್ಲಿ ಹಿಡಿದು ನೋಡುವ ರೂಢಿ ಮಾಡಿಕೋ ಎಂದೆ. ಪರದೆಯ ಮೇಲೆ ಮಿಂಚುವ ಗಿಳಿಹಸಿರು ನಾಲ್ಕು ಬಣ್ಣದ ಶಾಯಿಯಲ್ಲಿ ಬರುವುದಿಲ್ಲ. ಅದನ್ನು ಗಿರಾಕಿಗೆ ಮೊದಲೇ ಹೇಳಬೇಕು.

ಯಂತ್ರ ಬಂದ ಮರುದಿನ ಮತ್ತೆ ಫೋನು. ಯೂನಿಕೋಡಿನಲ್ಲಿ ಬಂದ ಮ್ಯಾಟರನ್ನು ಫೋಟೋಶಾಪಿಗೆ ಹಾಕಿದರೆ ಒತ್ತಕ್ಷರ ಒಡೆಯುತ್ತಿವೆಯಂತೆ. "ಕಾರ್ಡ್ ಇಲ್ಲದ್ದಕ್ಕೇನು ಮಾಮಾ?" ಅಲ್ಲ ತಾಯಿ. ಹಳೆಯ ಆವೃತ್ತಿಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ದಕ್ಷಿಣ ಏಷ್ಯಾದ ಲಿಪಿಗಳಿಗೂ ಅನ್ವಯಿಸುವ ಟೆಕ್ಸ್ಟ್ ಎಂಜಿನ್ ಆರಿಸಬೇಕು. ಅದಕ್ಕೆ ಖರ್ಚೇನೂ ಇಲ್ಲ.

ನಿಮ್ಮ ಕೈಯಲ್ಲೂ ಇಂಥ ಚೀಟಿ ಇದ್ದರೆ ಮಾನಿಟರಿನ ಸಾಲು ಎಲ್ಲಿದೆ ನೋಡಿ. ತಳದಲ್ಲಿ ಮಾದರಿ ಸಂಖ್ಯೆಯಿಲ್ಲದೆ ಬಿದ್ದಿದ್ದರೆ ವಾಪಸ್ ಕೊಟ್ಟು, ಅದನ್ನೇ ಮೊದಲ ಸಾಲಿಗೆ ಬರೆಸಿ. ಬಿಲ್ ಬೇಡವೆಂದರೆ 18 ಶೇಕಡ ಜಿಎಸ್‌ಟಿ ಉಳಿಯುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿ. ಡಬ್ಬದ ಪ್ರೊಸೆಸರಿಗೆ ಮೂರು ವರ್ಷ ವಾರಂಟಿ ಇದೆ, ಅದನ್ನು ಕೇಳಲು ಹೋದಾಗ ಬಿಲ್ ಕೈಯಲ್ಲಿರಬೇಕು.